ಆರತಿ ತಟ್ಟೆ ಇಳಿಸಿ, ನಿಯಮದ ಪುಸ್ತಕ ಹಿಡಿಯಿರಿ

ಶಾಲೆಯಲ್ಲಿ ವಿಜ್ಞಾನ ಮೇಳ ನಡೆದರೆ ಹೆಂಗಸರಿಗೆ ಕೆಲಸ ತಪ್ಪಿದ್ದಲ್ಲ. ಬಾಗಿಲಿಗೆ ರಂಗೋಲಿ, ಅತಿಥಿಗಳಿಗೆ ಆರತಿ, ಉಪ್ಪಿಟ್ಟು-ಕಾಫಿಯ ಉಸ್ತುವಾರಿ, ಕೊನೆಗೆ ಬಹುಮಾನದ ತಟ್ಟೆ ಹಿಡಿದು ನಿಲ್ಲುವುದು. ತೀರ್ಪು ಕೊಡುವ ಕುರ್ಚಿ ಮಾತ್ರ ಬಹುಪಾಲು ಗಂಡಸರದು. ಲಕ್ಕೂರಿರಲಿ, ಮಾಲೂರಿರಲಿ, ನಾನು ಕಂಡದ್ದು ಇದೇ. ಹಾಗೆಂದು ಯಾವ ಕಾಯಿದೆಯೂ ಇಲ್ಲ, ಬರೀ ರೂಢಿ.

ಈಗ ಮಕ್ಕಳ ರೋಬೋಟ್ ಸ್ಪರ್ಧೆಗಳು ಬಂದಿವೆ. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು ಗೊತ್ತುಮಾಡಿದರು; 6ರಿಂದ 12ನೇ ತರಗತಿಯ ಮಕ್ಕಳ ಕೈಗೆ ಮೋಟಾರು, ಸೆನ್ಸರ್‌ಗಳು ಬಂದವು. ಈ ಹೊಸ ಆಟದಲ್ಲೂ ಹಳೆಯ ರೂಢಿಯೇ ಬಂದು ಕೂರಬಾರದು ಎಂಬುದು ನನ್ನ ತಕರಾರು.

"ನಮಗೆಲ್ಲಿ ಇಂಜಿನಿಯರಿಂಗ್ ಗೊತ್ತು?" ಎನ್ನುತ್ತೀರಿ. ರೆಫರಿಗೆ ಅದು ಗೊತ್ತಿರಲೇಬೇಕೆಂದಿಲ್ಲ. 1998ರಲ್ಲಿ ಅಮೆರಿಕದ ಫಸ್ಟ್ ಸಂಸ್ಥೆ, ಆಟಿಕೆ ಮಾಡುವ ಲೆಗೋ ಕಂಪನಿಯ ಜೊತೆ ಸೇರಿ ಶುರು ಮಾಡಿದ ಲೆಗೋ ಲೀಗನ್ನೇ ನೋಡಿ. ನಮ್ಮ ದೇಶದಲ್ಲೂ ಅದರ ಸ್ಪರ್ಧೆಗಳು ನಡೆದಿವೆ. ಒಂದು ಮೇಜು, ಎರಡೂವರೆ ನಿಮಿಷ. ಮಕ್ಕಳು ಮೊದಲೇ ಬರೆದಿಟ್ಟ ಪ್ರೋಗ್ರಾಂ ಪ್ರಕಾರ ರೋಬೋಟ್ ತಾನಾಗಿ ಓಡಿ ಕೆಲಸ ಮುಗಿಸಬೇಕು. ಆಟ ನಿಂತ ಮೇಲೆ ರೆಫರಿ ಮಕ್ಕಳ ಎದುರಿಗೇ ಒಂದೊಂದಾಗಿ ಅಂಕ ಎಣಿಸುತ್ತಾರೆ. ಕೂದಲೆಳೆಯ ಅನುಮಾನ ಬಂದು, ನಿಯಮವೂ ಸ್ಪಷ್ಟವಿಲ್ಲದಿದ್ದರೆ ಲಾಭ ಮಕ್ಕಳಿಗೇ. ಜಗಳ ಬಗೆಹರಿಯದಿದ್ದರೆ ಕೊನೆಯ ಮಾತು ಮುಖ್ಯ ರೆಫರಿಯದು. ಇವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರು. ಬೇಕಾದದ್ದು ನಿಯಮ ಓದುವ ತಾಳ್ಮೆ, ಚುರುಕು ಕಣ್ಣು, ಸೋತ ಮಗುವಿಗೆ ಕಾರಣ ತಿಳಿಹೇಳುವ ನಾಲಿಗೆ. ಇದರಲ್ಲಿ ಯಾವುದು ಗಂಡಸರ ಸ್ವತ್ತು?

ಹೆಂಗಸೆಂಬ ಕಾರಣಕ್ಕೆ ಕುರ್ಚಿ ಬಿಟ್ಟುಕೊಡಿ ಎಂದು ನಾನು ಕೇಳುತ್ತಿಲ್ಲ. ಮೆಟ್ಟಿಲು ಹತ್ತಿಯೇ ಹೋಗೋಣ. ಮೊದಲು ತಂಡಗಳನ್ನು ಸರದಿಗೆ ಕರೆದು ನಿಲ್ಲಿಸುವುದು, ಆಮೇಲೆ ಅಂಕ ದಾಖಲಿಸುವುದು, ನಂತರ ಮೇಜಿನ ರೆಫರಿ, ನಾಲ್ಕಾರು ಸ್ಪರ್ಧೆ ಕಂಡ ಮೇಲೆ ಮುಖ್ಯ ರೆಫರಿ. ವರ್ಷ ವರ್ಷವೂ ಆಟ ಬದಲಾಗುವುದರಿಂದ ಹಳಬರೂ ನಿಯಮವನ್ನು ಹೊಸದಾಗಿ ಓದಲೇಬೇಕು. ತಡವಾಗಿ ಬಂದವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೆ? ಇಂಗ್ಲಿಷ್ ಪುಸ್ತಕ ಎಂಬ ತೊಡಕು ನಿಜ. ನಾಲ್ಕು ಜನ ಕೂತು ಓದಿದರೆ ಅದೂ ಬಿಚ್ಚಿಕೊಳ್ಳುವ ಗಂಟೇ. ಆ ಎರಡು ಭಾನುವಾರ ಮನೆಯ ಅಡುಗೆಯನ್ನು ಮನೆಯವರು ನೋಡಿಕೊಳ್ಳಲಿ.

ನಮ್ಮ ಜಿಲ್ಲೆಯ ನರಸಾಪುರದಲ್ಲಿ, 2023ರಲ್ಲಿ ಟಾಟಾದವರ ಕೈಗೆ ಬಂದ ಕಾರ್ಖಾನೆಯಲ್ಲಿ ನಮ್ಮ ಹೆಣ್ಣುಮಕ್ಕಳು ಐಫೋನ್ ಜೋಡಿಸಿದ್ದಾರೆ. ಸ್ಕ್ರೂ ಕೂರಿಸಲು ಹೆಣ್ಣಿನ ಬೆರಳು ಬೇಕು, ಸರಿ-ತಪ್ಪು ಹೇಳಲು ಹೆಣ್ಣಿನ ಬಾಯಿ ಬೇಡವೆಂದರೆ ಇದು ಯಾವ ನ್ಯಾಯ? ರೋಬೋಟ್ ಹಿಡಿದು ಮೇಜಿನ ಮುಂದೆ ನಿಂತ ಹುಡುಗಿ ತಲೆಯೆತ್ತಿದರೆ, ತೀರ್ಪು ಹೇಳುವ ಜಾಗದಲ್ಲಿ ತನ್ನಂಥವಳೊಬ್ಬಳು ಕಾಣಬೇಕು. ಇಲ್ಲದಿದ್ದರೆ ಅವಳು ರೋಬೋಟಿನ ಜೊತೆ ಇನ್ನೊಂದು ಪಾಠವನ್ನೂ ಕಲಿತು ಹೋಗುತ್ತಾಳೆ.

ಮುಂದಿನ ಮೇಳಕ್ಕೆ ನಿಮ್ಮನ್ನು ಆರತಿಗೆ ಕರೆದರೆ, "ರೆಫರಿಗಳ ತರಬೇತಿ ಯಾವಾಗ ಸಾರ್?" ಎಂದು ಕೇಳಿ. ಆರತಿ ತಟ್ಟೆಯನ್ನು ಗಂಡಸರೂ ಒಂದು ದಿನ ಹಿಡಿಯಲಿ. ಕೈಯೇನೂ ಸುಡುವುದಿಲ್ಲ.