ಕುರ್ಚಿ ಹೋದರೂ ಪಿಂಚಣಿ ಹೋಗಲ್ಲ!

ಕುರುಗೋಡಿನಲ್ಲಿರೋ ನಮ್ಮ ಸೋದರತ್ತೆಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ ಬರೋದು 1,200 ರೂಪಾಯಿ. ಒಂದು ಸಲ ಮೂರು ತಿಂಗಳು ನಿಂತೇ ಹೋಗಿತ್ತು. ವಿಚಾರಿಸಿದರೆ, ಆಧಾರ್‌ನಲ್ಲಿ ಹೆಸರಿನ ಒಂದಕ್ಷರ ಹೊಂದುತ್ತಿಲ್ಲವಂತೆ! ಅತ್ತೆ ಮಾಡಿದ್ದ ಅಪರಾಧ ಅಷ್ಟೇ.

ಈಗ ನಮ್ಮ ಶಾಸಕರ ಕಡೆ ನೋಡಿ. 2025ರ ಮಾರ್ಚ್‌ನಲ್ಲಿ ಸದನದ ಗದ್ದಲದ ನಡುವೆಯೇ ಮಸೂದೆ ಪಾಸಾಗಿ, ಮಾಜಿ ಶಾಸಕರ ಪಿಂಚಣಿ 50,000ದಿಂದ 75,000ಕ್ಕೆ ಏರಿತು. ಭ್ರಷ್ಟಾಚಾರದಲ್ಲಿ ಶಿಕ್ಷೆಯಾದವರಿಗೆ ಇದನ್ನು ಕೊಡಬಾರದು ಅಂತ ಒಂದು ಸಾಲು ಸೇರಿಸೋಕೆ ಮಾತ್ರ ಯಾರಿಗೂ ನೆನಪಾಗಲಿಲ್ಲ.

ಗಣಿಧೂಳು ಕುಡಿದ ಬಳ್ಳಾರಿಯವನು ನಾನು, ಕೇಳದೆ ಹೇಗಿರಲಿ? ಬೇಲೆಕೇರಿ ಅದಿರು ಪ್ರಕರಣದಲ್ಲಿ 2024ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ಸಿನ ಸತೀಶ್ ಸೈಲ್ ಅವರಿಗೆ 7 ವರ್ಷ. ಓಬಳಾಪುರಂ ಗಣಿ ಪ್ರಕರಣದಲ್ಲಿ 2025ರ ಮೇ 6ರಂದು ಬಿಜೆಪಿಯ ಜನಾರ್ದನ ರೆಡ್ಡಿಯವರಿಗೆ 7 ವರ್ಷ. ಎರಡೂ ಶಿಕ್ಷೆಗಳನ್ನು ಹೈಕೋರ್ಟುಗಳು ಅಮಾನತಿನಲ್ಲಿಟ್ಟವು. ಮೇಲ್ಮನವಿಯಲ್ಲಿ ಏನಾಗಬೇಕು ಅನ್ನೋದು ಕೋರ್ಟಿಗೆ ಬಿಟ್ಟದ್ದು. ನನ್ನ ಜಗಳ ವ್ಯಕ್ತಿಗಳ ಜೊತೆಯಲ್ಲ, ಕಾನೂನಿನ ಜೊತೆ.

2 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾದರೆ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಸ್ಥಾನ ಹೋಗುತ್ತೆ. ಪಿಂಚಣಿ ಯಾಕೆ ಹೋಗಬಾರದು? "ಅದು ಹಿಂದೆ ಮಾಡಿದ ಸೇವೆಗೆ ಕೊಡೋದು" ಅಂತಾರೆ ಕೆಲವರು. ಸರಿ, ಸಿರುಗುಪ್ಪದ ಒಬ್ಬ ಗುಮಾಸ್ತ 30 ವರ್ಷ ದುಡಿದು, ಕೊನೆಗೆ ಲಂಚದ ಕೇಸಿನಲ್ಲಿ ಸಿಕ್ಕಿಬಿದ್ದ ಅಂದುಕೊಳ್ಳಿ. ನಾಗರಿಕ ಸೇವಾ ನಿಯಮಾವಳಿಯ 214ನೇ ನಿಯಮದಡಿ ಸರ್ಕಾರ ಅವನ ಪಿಂಚಣಿಯನ್ನು ತಡೆಹಿಡಿಯಬಹುದು, ಕಿತ್ತುಕೊಳ್ಳಲೂಬಹುದು. ಅವನ 30 ವರ್ಷ ಸೇವೆಯಲ್ಲವೇ? ಅವನಿಗೂ ಹೆಂಡತಿ ಮಕ್ಕಳಿಲ್ಲವೇ?

ಕೋರ್ಟಿಗೆ ಹೋಗೋಣ ಅಂದರೆ, ಸಂಸದರ ಪಿಂಚಣಿ ಪ್ರಶ್ನಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2018ರಲ್ಲೇ ವಜಾ ಮಾಡಿದೆ. ಅಂದರೆ ಕಾನೂನು ತಿದ್ದಬೇಕಾದವರು ಶಾಸಕರೇ. ಬೇಲಿಗೇ ಹೊಲದ ಕಾವಲು! ಆದರೂ ಅಸಾಧ್ಯವೇನಲ್ಲ. ಪಕ್ಷಾಂತರದಿಂದ ಅನರ್ಹರಾದವರಿಗೆ ಪಿಂಚಣಿ ಬೇಡ ಅಂತ ಹಿಮಾಚಲ ವಿಧಾನಸಭೆ 2024ರಲ್ಲಿ ಮಸೂದೆ ಪಾಸು ಮಾಡಿತ್ತಲ್ಲ?

ನಾನು ಕೇಳೋದು ಇಷ್ಟೇ. ಶಿಕ್ಷೆಯಾದ ದಿನವೇ ಪಿಂಚಣಿ ನಿಲ್ಲಲಿ. ಮೇಲ್ಮನವಿಯಲ್ಲಿ ಗೆದ್ದರೆ ಬಾಕಿಯೆಲ್ಲ ಸೇರಿಸಿ ಕೊಡಲಿ. ಸೋತರೆ ಶಾಶ್ವತವಾಗಿ ರದ್ದಾಗಲಿ. ಒಂದಕ್ಷರ ತಪ್ಪಿದ್ದಕ್ಕೆ ಅತ್ತೆಯ 1,200 ನಿಲ್ಲಿಸೋ ಸರ್ಕಾರಕ್ಕೆ ಇದು ಕಷ್ಟದ ಕೆಲಸವಾ?

ನೀವೇನಂತೀರಿ ಗೆಳೆಯರೇ?