ಹೊಸ ಟಿ.ವಿ.ಯೂ ಕೌಂಟರಿನಲ್ಲಿ ಬೆಳೆಯುವ ಬಿಲ್ಲೂ

2025 ಸೆಪ್ಟೆಂಬರ್ 22ರಂದು 32 ಇಂಚಿಗಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿಯಿತು. ಕೇಂದ್ರ ಸರಕಾರ ಅದನ್ನು ಉಳಿತಾಯದ ಉತ್ಸವವೆಂದು ಕರೆಯಿತು. ಹಳೆಯ ಟಿ.ವಿ.ಯನ್ನು ಇನ್ನೊಂದು ವರ್ಷ ಹೇಗೋ ಓಡಿಸೋಣ ಎಂದುಕೊಂಡಿದ್ದ ಕುಟುಂಬಗಳೂ ಅಂಗಡಿಯ ಮೆಟ್ಟಿಲು ಹತ್ತಿದವು. ಆದರೆ ಒಂದು ಪ್ರಶ್ನೆ ಉಳಿದಿದೆ. ಸರಕಾರ ಬಿಟ್ಟುಕೊಟ್ಟ ತೆರಿಗೆಯ ಹಣ ಗ್ರಾಹಕನ ಜೇಬಿನಲ್ಲಿಯೇ ಉಳಿಯಿತೇ?

ಆ ದಿನಗಳಲ್ಲಿ ಬಂಧುವೊಬ್ಬರ ಜೊತೆ ನಾನೂ ಅಂಗಡಿಗೆ ಹೋಗಿದ್ದೆ. 43 ಇಂಚಿನ ಟಿ.ವಿ. 28 ಸಾವಿರ ರೂಪಾಯಿಗೆ ನಿಗದಿಯಾಯಿತು. ತೆರಿಗೆ ಇಳಿಕೆಯಿಂದ ಸುಮಾರು 2,300 ರೂಪಾಯಿ ಉಳಿದಿತ್ತು. ಆದರೆ ಬಿಲ್ಲು ಬರೆಯುವ ಹೊತ್ತಿಗೆ ಮೂರು ವಸ್ತುಗಳು ಮೇಜಿನ ಮೇಲೆ ಬಂದು ಕೂತವು. 1,800 ರೂಪಾಯಿಯ ಚಿನ್ನದ ಲೇಪನದ ಎಚ್.ಡಿ.ಎಂ.ಐ. ಕೇಬಲ್, 2,200 ರೂಪಾಯಿಯ ಸ್ಟೆಬಿಲೈಝರ್ ಮತ್ತು 450 ರೂಪಾಯಿಯ ಪರದೆ ಒರೆಸುವ ದ್ರಾವಣ. ಒಟ್ಟು 4,450 ರೂಪಾಯಿ. 'ಸಾರ್, ಇಷ್ಟು ಒಳ್ಳೆಯ ಟಿ.ವಿ.ಗೆ ಇನ್ನೂರು ರೂಪಾಯಿಯ ಕೇಬಲ್ ಹಾಕಿದರೆ ಪಿಕ್ಚರ್ ಚೆನ್ನಾಗಿ ಬರುವುದಿಲ್ಲ' ಎಂದ ಮಾರಾಟದ ಹುಡುಗ. ಬಂಧು ಒಮ್ಮೆ ಪಕ್ಕದಲ್ಲಿ ನಿಂತಿದ್ದ ಮಕ್ಕಳ ಮುಖ ನೋಡಿದರು. ಮರುಮಾತಿಲ್ಲದೆ ಹಣ ಕೊಟ್ಟರು.

ಮೂರು ತಿಂಗಳ ನಂತರ ಅವರ ಮನೆಗೆ ಹೋದಾಗ ಆ ಕೇಬಲ್ ಪೊಟ್ಟಣದೊಳಗೇ ಇತ್ತು. ಸೆಟ್‌ಟಾಪ್ ಬಾಕ್ಸಿಗೆ ಅದರೊಂದಿಗೆ ಬಂದಿದ್ದ ಕೇಬಲ್ಲೇ ಸಾಕಾಗಿತ್ತು. ಮಕ್ಕಳು ನೋಡುವುದೆಲ್ಲ ವೈಫೈ ಮೂಲಕ ನೇರವಾಗಿ ಟಿ.ವಿ.ಗೆ ಬರುತ್ತಿತ್ತು. ಅದಕ್ಕೆ ಎಚ್.ಡಿ.ಎಂ.ಐ. ಕೇಬಲಿನ ಅಗತ್ಯವೇ ಇಲ್ಲ.

ಅಷ್ಟಕ್ಕೂ, ದುಬಾರಿ ಕೇಬಲಿನಿಂದ ಚಿತ್ರ ಉತ್ತಮಗೊಳ್ಳುತ್ತದೆಯೇ?

ಈ ನಂಬಿಕೆಗೆ ಒಂದು ಹಿನ್ನೆಲೆಯಿದೆ. ಕೆಂಪು, ಬಿಳಿ, ಹಳದಿ ತಲೆಯ ವೈರುಗಳ ಕಾಲದಲ್ಲಿ ಅದು ಪೂರ್ತಿ ಸುಳ್ಳಾಗಿರಲಿಲ್ಲ. ಆಗ ಚಿತ್ರವು ವಿದ್ಯುತ್ತಿನ ಏರಿಳಿತವಾಗಿ ವೈರಿನಲ್ಲಿ ಹರಿಯುತ್ತಿತ್ತು. ವೈರು ಕಳಪೆಯಾದರೆ ಬಣ್ಣ ಮಾಸುತ್ತಿತ್ತು, ಗೆರೆಗಳು ಓಡುತ್ತಿದ್ದವು, ಒಂದೇ ಮುಖ ಎರಡಾಗಿ ಕಾಣುತ್ತಿತ್ತು. 2002ರಲ್ಲಿ ಎಚ್.ಡಿ.ಎಂ.ಐ. ಎಂಬ ಡಿಜಿಟಲ್ ಸಂಪರ್ಕದ ಮಾನದಂಡ ಹೊರಬಂತು. 2013ರಲ್ಲಿ ಬೆಂಗಳೂರು, ಮೈಸೂರುಗಳಲ್ಲಿಯೂ ಆ ಬಳಿಕ ಉಳಿದ ಪಟ್ಟಣಗಳಲ್ಲಿಯೂ ಕೇಬಲ್ ಟಿ.ವಿ. ಡಿಜಿಟಲ್ ಆಯಿತು. ತಂತ್ರಜ್ಞಾನ ಬದಲಾಯಿತು. ಆದರೆ ನಮ್ಮ ಹಳೆಯ ಭಯ ಬದಲಾಗಲಿಲ್ಲ. ಆ ಭಯವೇ ಇಂದು ವ್ಯಾಪಾರದ ಬಂಡವಾಳವಾಗಿದೆ.

ದೂರವಾಣಿಯಲ್ಲಿ ಒಬ್ಬರು ಹಾಡು ಕೇಳಿಸುತ್ತಾರೆಂದು ಭಾವಿಸಿ. ಲೈನು ಗೊರಗುಟ್ಟಿದರೆ ಹಾಡು ಕೆಡುತ್ತದೆ. ಆದರೆ ಅದೇ ಲೈನಿನಲ್ಲಿ ಅವರು ಹತ್ತಂಕಿಯ ಸಂಖ್ಯೆಯೊಂದನ್ನು ಹೇಳಿದರೆ? ಅದು ನಿಮಗೆ ಸರಿಯಾಗಿ ಕೇಳಿಸಿದರೆ ಮುಗಿಯಿತು. ಗೊರಗುಟ್ಟುವ ಲೈನಿನಲ್ಲಿ ಬಂದ ಸಂಖ್ಯೆಗೂ ನಿಚ್ಚಳ ಲೈನಿನಲ್ಲಿ ಬಂದ ಸಂಖ್ಯೆಗೂ ವ್ಯತ್ಯಾಸವಿಲ್ಲ. ಡಿಜಿಟಲ್ ಕೇಬಲ್ ಸಾಗಿಸುವುದು ಇಂಥ ಸಂಖ್ಯೆಗಳನ್ನು. ಸೊನ್ನೆಯು ಸೊನ್ನೆಯಾಗಿ, ಒಂದು ಒಂದಾಗಿ ತಲುಪಿದರೆ ಕೇಬಲಿನ ಕೆಲಸ ಪೂರ್ತಿಯಾಯಿತು. ಕೆಟ್ಟ ಕೇಬಲ್ ತನ್ನ ದೋಷವನ್ನು ಅಡಗಿಸಿಡುವುದೂ ಇಲ್ಲ. ಪರದೆಯಲ್ಲಿ ಕಿಡಿಗಳಂಥ ಚುಕ್ಕೆಗಳು ಹಾರುತ್ತವೆ, ಚಿತ್ರ ಕ್ಷಣಕಾಲ ಕಪ್ಪಾಗುತ್ತದೆ ಅಥವಾ ಬರುವುದೇ ಇಲ್ಲ. ಇವು ಯಾವುವೂ ಇಲ್ಲದಿದ್ದರೆ ನಿಮ್ಮ ಅಗ್ಗದ ಕೇಬಲ್ ದುಬಾರಿ ಕೇಬಲಿನಷ್ಟೇ ಒಳ್ಳೆಯದು. ಹಣ ಸುರಿದರೆ ಕೆಂಪು ಹೆಚ್ಚು ಕೆಂಪಾಗುವುದಿಲ್ಲ.

ಚಿನ್ನದ ಲೇಪನದ ಕಥೆಯೂ ಇಷ್ಟೇ. ಅದು ಅತಿ ತೆಳುವಾದ ಪದರ. ತುದಿಯ ಲೋಹಕ್ಕೆ ತುಕ್ಕು ಹಿಡಿಯದಂತೆ ತಡೆಯುವುದು ಅದರ ಕೆಲಸ. ಕರಾವಳಿಯ ತೇವದ ಹವೆಯಲ್ಲಿ ಅದರಿಂದ ಉಪಯೋಗವಿದೆ. ಆದರೆ ಸಾಧಾರಣ ಬೆಲೆಯ ಕೇಬಲುಗಳಲ್ಲೂ ಅದು ಇರುತ್ತದೆ. ಅದಕ್ಕಾಗಿ ಸಾವಿರಾರು ರೂಪಾಯಿ ಕೊಡಬೇಕಾಗಿಲ್ಲ.

ಹಾಗಂತ ಎಲ್ಲ ಕೇಬಲುಗಳೂ ಒಂದೇ ಎಂದಲ್ಲ. ಇಲ್ಲಿ ಗಮನಿಸಬೇಕಾದದ್ದು ಬೆಲೆಯನ್ನಲ್ಲ, ದರ್ಜೆಯನ್ನು. 'ಹೈ ಸ್ಪೀಡ್' ದರ್ಜೆಯ ಕೇಬಲ್ ಮನೆಯ ಸೆಟ್‌ಟಾಪ್ ಬಾಕ್ಸಿಗೆ ಧಾರಾಳ ಸಾಕು. 4ಕೆ ಚಿತ್ರವನ್ನು ಅದರ ಪೂರ್ಣ ಗುಣಮಟ್ಟದಲ್ಲಿ ಕಳಿಸುವ ಸಾಧನವಿದ್ದರೆ ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸುವ 'ಪ್ರೀಮಿಯಂ ಹೈ ಸ್ಪೀಡ್' ಬೇಕು. ಹೊಸ ಗೇಮಿಂಗ್ ಯಂತ್ರವಿದ್ದರೆ 48 ಗಿಗಾಬಿಟ್‌ನ 'ಅಲ್ಟ್ರಾ ಹೈ ಸ್ಪೀಡ್' ಬೇಕಾಗಬಹುದು. ಈ ಕೊನೆಯ ಎರಡು ದರ್ಜೆಗಳ ಅಧಿಕೃತ ಕೇಬಲುಗಳ ಪೊಟ್ಟಣದ ಮೇಲೆ ಮೊಬೈಲಿನಿಂದ ಪರೀಕ್ಷಿಸಬಹುದಾದ ಪ್ರಮಾಣಪತ್ರದ ಚೀಟಿ ಇರುತ್ತದೆ. ಆ ಚೀಟಿಗೆ ಬೆಲೆಯಿದೆಯೇ ಹೊರತು ಹೊಳೆಯುವ ಪೊಟ್ಟಣಕ್ಕಲ್ಲ. ಉದ್ದವೂ ಮುಖ್ಯ. ಒಂದೆರಡು ಮೀಟರಿನಲ್ಲಿ ತೊಂದರೆಯಿಲ್ಲ. ಗೋಡೆಯೊಳಗೆ ಹತ್ತು ಮೀಟರ್ ಎಳೆಯುವುದಾದರೆ ಒಳ್ಳೆಯ ಕೇಬಲಿಗೆ ಹಣ ಹಾಕುವುದು ದುಂದಲ್ಲ.

ಇನ್ನು ಸ್ಟೆಬಿಲೈಝರ್. ಟಿ.ವಿ.ಯ ಹಿಂಬದಿಯ ಚೀಟಿಯನ್ನು ಓದಿ. ಈಗಿನ ಅನೇಕ ಟಿ.ವಿ.ಗಳಲ್ಲಿ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. ಅಂದರೆ ವೋಲ್ಟೇಜಿನ ಸಾಮಾನ್ಯ ಇಳಿತವನ್ನು ಅದು ತಾನೇ ನಿಭಾಯಿಸುತ್ತದೆ. ವೋಲ್ಟೇಜು ಪದೇಪದೇ ಮಿತಿಮೀರಿ ಏರುವ ಊರಿನಲ್ಲಿ ಮಾತ್ರ ಸ್ಟೆಬಿಲೈಝರಿನ ಮಾತು ಬೇರೆ. ಟಿ.ವಿ.ಯ ನಿಜವಾದ ಶತ್ರು ಸಿಡಿಲು. ಮಳೆಗಾಲದಲ್ಲಿ ಗುಡುಗು ಆರಂಭವಾಗುವ ಮುನ್ನವೇ ಪ್ಲಗ್ಗನ್ನು ಕೀಳುವುದು, ಡಿಶ್ಶಿನಿಂದಲೋ ಕೇಬಲಿನಿಂದಲೋ ಬರುವ ವೈರನ್ನು ಬಿಚ್ಚಿಡುವುದು ಖರ್ಚಿಲ್ಲದ ರಕ್ಷಣೆ. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಿಕೊಳ್ಳುವುದು ಅದಕ್ಕಿಂತಲೂ ಮುಖ್ಯ. ಅದು ಕೇವಲ ಟಿ.ವಿ.ಯ ಪ್ರಶ್ನೆಯಲ್ಲ, ಮನೆಮಂದಿಯ ಜೀವದ ಪ್ರಶ್ನೆ. ವಿಪರ್ಯಾಸವೆಂದರೆ, ಕೇಬಲಿಗೆ 1,800 ರೂಪಾಯಿ ಕೊಡುವ ನಾವು ಅರ್ಥಿಂಗ್‌ಗೆ ಖರ್ಚು ಮಾಡಲು ಹಿಂದೆ ಮುಂದೆ ನೋಡುತ್ತೇವೆ. ಗೋಡೆಗೆ ಟಿ.ವಿ. ತೂಗುಹಾಕುವ ಸ್ಟ್ಯಾಂಡಿನಲ್ಲೂ ಜಿಪುಣತನ ಸಲ್ಲದು. ಅದು ಕುಸಿದರೆ ಕೆಳಗೆ ಆಡುವ ಮಗುವಿಗೆ ಅಪಾಯ.

ಅಂದಹಾಗೆ, ಅಂಗಡಿಯವರೆಲ್ಲ ವಂಚಕರೆಂದು ಇದರ ಅರ್ಥವಲ್ಲ. ಆನ್‌ಲೈನ್ ಪೈಪೋಟಿಯಿಂದಾಗಿ ಟಿ.ವಿ. ಮಾರಾಟದಲ್ಲಿ ಅವರಿಗೆ ಸಿಗುವ ಲಾಭ ತೀರಾ ಕಡಿಮೆ. ಬಾಡಿಗೆ, ಸಂಬಳಗಳನ್ನು ಅವರು ಇಂಥ ಬಿಡಿ ವಸ್ತುಗಳ ಲಾಭದಿಂದ ತುಂಬಿಕೊಳ್ಳುತ್ತಾರೆ. ಮಾರಾಟದ ಹುಡುಗನಿಗೂ ತಿಂಗಳ ಗುರಿಯಿರುತ್ತದೆ. ಆತ ನಮ್ಮದೇ ಬೀದಿಯ, ನಮ್ಮದೇ ಮನೆಯ ಹುಡುಗನಾಗಿರಬಹುದು. ಆತನೊಂದಿಗೆ ಜಗಳವಾಡಬೇಕಿಲ್ಲ. 'ಬೇಡ' ಎಂದು ನಗುತ್ತಲೇ ಹೇಳಬಹುದಲ್ಲವೇ?

ಕಾನೂನೂ ಗ್ರಾಹಕನ ಪರವಾಗಿದೆ. ಒಂದು ವಸ್ತು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕೆಂದು ಷರತ್ತು ಹಾಕುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಿರ್ಬಂಧಕ ವ್ಯಾಪಾರ ಪದ್ಧತಿ. ಗ್ರಾಹಕನ ಒಪ್ಪಿಗೆಯಿಲ್ಲದೆ ಆನ್‌ಲೈನ್ ಖರೀದಿಯ ಬುಟ್ಟಿಗೆ ವಸ್ತುಗಳನ್ನು ಸೇರಿಸುವುದನ್ನು 2023ರ ನವೆಂಬರ್‌ನಲ್ಲಿ ಹೊರಡಿಸಲಾದ ಮಾರ್ಗಸೂಚಿ ನಿಷೇಧಿಸಿದೆ. 'ಸ್ಟೆಬಿಲೈಝರ್ ಇಲ್ಲದಿದ್ದರೆ ವಾರಂಟಿ ಇಲ್ಲ' ಎಂದರೆ ವಾರಂಟಿ ಕಾರ್ಡಿನಲ್ಲಿ ಅದನ್ನು ತೋರಿಸಿ ಎಂದು ಕೇಳಿ. ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಐದು ಲಕ್ಷ ರೂಪಾಯಿವರೆಗಿನ ಖರೀದಿಯ ದೂರನ್ನು ಜಿಲ್ಲಾ ಗ್ರಾಹಕ ಆಯೋಗಕ್ಕೆ ಶುಲ್ಕವಿಲ್ಲದೆ ಸಲ್ಲಿಸಬಹುದು.

ಆದರೆ ನನ್ನ ಬಂಧುವನ್ನು ಆ ದಿನ ಸೋಲಿಸಿದ್ದು ಕಾನೂನಿನ ಕೊರತೆಯಲ್ಲ, ಬರೇ ತಂತ್ರಜ್ಞಾನದ ಅರಿವಿನ ಕೊರತೆಯೂ ಅಲ್ಲ. ಮಕ್ಕಳ ಮುಂದೆ, ಅಪರಿಚಿತನ ಮುಂದೆ ತಾನು ಅಗ್ಗದವನಾಗಿ ಕಾಣಬಾರದೆಂಬ ಸಂಕೋಚ. 28 ಸಾವಿರ ಕೊಟ್ಟವನಿಗೆ ಇನ್ನು ನಾಲ್ಕು ಸಾವಿರ ದೊಡ್ಡದಲ್ಲ ಎಂದು ಆ ಸಂಕೋಚವೇ ಅವರನ್ನು ನಂಬಿಸಿತು. ಆದರೆ ತಿಂಗಳ ಸಂಬಳದಲ್ಲಿ ಮನೆ ನಡೆಸುವ ಕುಟುಂಬಕ್ಕೆ 4,450 ರೂಪಾಯಿ ಖಂಡಿತ ದೊಡ್ಡದು. ಅದು ಮಗುವಿನ ಶಾಲಾ ಪುಸ್ತಕವಾಗಬಹುದಿತ್ತು, ಮನೆಯ ಅರ್ಥಿಂಗ್ ಆಗಬಹುದಿತ್ತು.

ಆದ್ದರಿಂದ ಟಿ.ವಿ. ಕೊಳ್ಳಲು ಹೊರಡುವ ಮುನ್ನ ಮನೆಯಲ್ಲಿಯೇ ಕುಳಿತು ಏನು ಬೇಕೆಂದು ಬರೆದುಕೊಳ್ಳಿ. ಅಂಗಡಿಯಿಂದ ಟಿ.ವಿ.ಯನ್ನಷ್ಟೇ ತನ್ನಿ. ಇರುವ ಕೇಬಲನ್ನೇ ಜೋಡಿಸಿ ಒಂದು ವಾರ ನೋಡಿ. ಚಿತ್ರದಲ್ಲಿ ಚುಕ್ಕೆ ಹಾರಿದರೆ ಕೇಬಲ್ ಕೊಳ್ಳಿ. ಹಾರದಿದ್ದರೆ ಆ ಹಣ ನಿಮ್ಮದು.