ಸಭಾಕಂಪಕ್ಕೆ ಹೊಣೆ ಯಾರು?

ವಿಜಯವಾಡದ ಒಂದು ವಿಚಾರ ಸಂಕಿರಣದಲ್ಲಿ ಕಂಡದ್ದನ್ನು ಮೊದಲು ಹೇಳಿಬಿಡುತ್ತೇನೆ. ವಿಶಾಖಪಟ್ಟಣದಿಂದ ಬಂದಿದ್ದ, ನಮ್ಮವರ ಮನೆಯ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧವನ್ನು ಹಾಳೆಯಿಂದ ತಲೆಯೆತ್ತದೆ ಇಂಗ್ಲಿಷಿನಲ್ಲಿ ಓದಿ ಮುಗಿಸಿದಳು. ಇಷ್ಟೇ ಮಾದರಿಗಳಿಂದ ಈ ತೀರ್ಮಾನಕ್ಕೆ ಬಂದುದು ಹೇಗೆ ಎಂದು ಸಭಿಕರೊಬ್ಬರು ಕೇಳಿದರು. ಆಕೆ ಮಾರ್ಗದರ್ಶಕರ ಮುಖ ನೋಡಿದಳು. ಉತ್ತರವನ್ನು ಅವರೇ ಕೊಟ್ಟರು. ಊಟದ ಹೊತ್ತಿನಲ್ಲಿ ಅದೇ ಪ್ರಶ್ನೆಯನ್ನು ನಾನು ಕನ್ನಡದಲ್ಲಿ ಕೇಳಿದೆ. ಮಾದರಿಗಳನ್ನು ಆಯ್ದ ಕ್ರಮವೇನು, ತೀರ್ಮಾನ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದನ್ನೆಲ್ಲ ತಡವರಿಸದೆ ವಿವರಿಸಿದಳು.

“ಇಂಗ್ಲಿಷ್ ಸಾಲದು” ಎಂದು ನಮ್ಮ ಹಿರಿಯರು ತೀರ್ಪು ಕೊಟ್ಟು, ವ್ಯಕ್ತಿತ್ವ ವಿಕಸನದ ತರಗತಿಗೆ ಹಣ ಕಟ್ಟುತ್ತಾರೆ. ನಾನಿದನ್ನು ಒಪ್ಪಲಾರೆ. ಆಕೆಯ ಕನ್ನಡ ವಿವರಣೆಯಲ್ಲಿಯೂ ಅರ್ಧದಷ್ಟು ಪದಗಳು ಇಂಗ್ಲಿಷಿನವೇ. ಕೊರತೆಯಿದ್ದುದು ಭಾಷೆಯದಲ್ಲ, ರೂಢಿಯದು. ಧೈರ್ಯವೆಂದರೆ ಗಟ್ಟಿ ದನಿಯಲ್ಲ; ತನ್ನ ಕೆಲಸದ ಎಲ್ಲೆಯನ್ನರಿತು, “ಇದನ್ನು ನಾನಿನ್ನೂ ಪರೀಕ್ಷಿಸಿಲ್ಲ” ಎಂದು ನಾಚದೆ ಹೇಳಬಲ್ಲುದು. ಹಾಳೆ ಬದಿಗಿಟ್ಟು, ಗಡಿಯಾರ ಎದುರಿಗಿಟ್ಟು, ವಿಷಯವರಿಯದವರ ಮುಂದೆ ನಾಲ್ಕು ಸಲ ಹೇಳಿ ಅಡ್ಡಪ್ರಶ್ನೆಗಳನ್ನು ಎದುರಿಸಿದವರಿಗೆ ಅದು ಒಲಿಯುತ್ತದೆ.

ಬಾಲ್ಯದಲ್ಲಿ ವಿಶಾಖಪಟ್ಟಣದಲ್ಲಿ ಓದಿದ ಸಿ.ವಿ. ರಾಮನ್ 1906ರಲ್ಲಿ, ಮದರಾಸಿನಲ್ಲಿ ಇನ್ನೂ ಎಂ.ಎ. ವಿದ್ಯಾರ್ಥಿಯಾಗಿದ್ದಾಗಲೇ, ಇಂಗ್ಲೆಂಡಿನ ‘ಫಿಲಾಸಫಿಕಲ್ ಮ್ಯಾಗಜೀನ್’ನಲ್ಲಿ ಪ್ರಬಂಧ ಪ್ರಕಟಿಸಿದರು. ವಿದ್ಯಾರ್ಥಿಯ ಮಾತಿಗೂ ತೂಕವುಂಟೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? 1926ರಲ್ಲಿ ಬೆಜವಾಡದಲ್ಲಿ ಆರಂಭವಾಗಿ, ಅನಂತರ ವಾಲ್ಟೇರಿಗೆ ಬಂದ ಆಂಧ್ರ ವಿಶ್ವವಿದ್ಯಾಲಯದ ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾ ರೆಡ್ಡಿಯವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರು. ರಾಜ್ಯೋತ್ಸವದ ಭಾಷಣಗಳಲ್ಲಿ ನಾವು ಇಂಥ ನಂಟುಗಳನ್ನು ಹೆಮ್ಮೆಯಿಂದ ನೆನೆಯುತ್ತೇವೆ. ಇಂದು ಇಲ್ಲಿ ಓದುತ್ತಿರುವ ನಮ್ಮ ಮಕ್ಕಳನ್ನಾದರೋ ಪ್ರಾರ್ಥನೆ ಹಾಡಲು, ಹಾರದ ತಟ್ಟೆ ಹಿಡಿಯಲು ಮಾತ್ರ ವೇದಿಕೆಗೆ ಕರೆಯುತ್ತೇವೆ!

“ಸಂಘದಲ್ಲಿ ಸಂಶೋಧನೆಯನ್ನು ಯಾರು ಕೇಳುತ್ತಾರೆ?” ಎನ್ನುವವರಿದ್ದಾರೆ. ಸನ್ಮಾನದ ಭಾಷಣಗಳನ್ನು ಗಂಟೆಗಟ್ಟಲೆ ಕೇಳುವ ತಾಳ್ಮೆಯುಳ್ಳ ನಮಗೆ ಹದಿನೈದು ನಿಮಿಷ ಭಾರವೇ? ಪ್ರತಿ ತಿಂಗಳ ಕೂಟದಲ್ಲಿ ಒಬ್ಬ ವಿದ್ಯಾರ್ಥಿ, ಹತ್ತು ನಿಮಿಷ ಮಂಡನೆ, ಐದು ನಿಮಿಷ ಪ್ರಶ್ನೆ. ಬ್ಯಾಂಕಿನವರೂ ಕೇಳಲಿ, ಹೋಟೆಲಿನವರೂ ಕೇಳಲಿ, ಗೃಹಿಣಿಯರೂ ಕೇಳಲಿ. ನಿಬಂಧನೆ ಒಂದೇ: ಉತ್ತರವನ್ನು ಮಂಡಿಸಿದವರೇ ಕೊಡಬೇಕು, ತಂದೆತಾಯಿ, ಗುರುಹಿರಿಯರು ಬಾಯಿ ಹಾಕಕೂಡದು.

ನಾಳೆ ಆ ಹುಡುಗಿ ಪಿಎಚ್.ಡಿ. ಪ್ರವೇಶದ ಸಂದರ್ಶನಕ್ಕೆ ಒಬ್ಬಳೇ ಹೋಗಬೇಕು. ಅಲ್ಲಿ ಮುಖ ನೋಡಲು ಮಾರ್ಗದರ್ಶಕರು ಇರುವುದಿಲ್ಲ. ಅಲ್ಲಿಯೂ ಆಕೆ ಮೌನಿಯಾದರೆ, ಒಮ್ಮೆಯೂ ಆಕೆಯ ಮಾತಿಗೆ ಕಿವಿಗೊಡದ ನಾವು ಅದಕ್ಕೆ ಹೊಣೆಗಾರರಲ್ಲವೇ?